ಕಾಯುವ ಕೆಲಸ

ಕೊರ್ಟೆಸ್ ದ್ವೀಪ ಮುಟ್ಟಬೇಕಾದರೆ ಮೂರು ಸಲ ಕಡಲು ದಾಟಬೇಕು. ವ್ಯಾಂಕೂವರ್ ನಗರದ ಪಕ್ಕದ ಹಾರ್ಸ್‌ಶೂ ಬೇಯಲ್ಲಿ ಕಾರು ಸಮೇತ ಫೆರಿ ಹತ್ತಿ ನನೈಮೊದಲ್ಲಿ ಇಳಿಯುವುದು. ಇಳಿದ ನೆಲದ ಹೆಸರೂ ವ್ಯಾಂಕೂವರೇ, ಆದರೆ ಇದು ದ್ವೀಪ, ಅದು ನಗರ. ಈ ಗೊಂದಲ ಬಗೆಹರಿಯಲು ನನಗೆ ಎರಡು ದಿನ ಹಿಡಿಯಿತು. ಅಲ್ಲಿಂದ ದ್ವೀಪದ ಅಂಚು ಹಿಡಿದು ಉತ್ತರಕ್ಕೆ ಒಂದೂವರೆ ನೂರು ಕಿ.ಮೀ. ಓಡಿದರೆ ಕ್ಯಾಂಪ್‌ಬೆಲ್ ರಿವರ್. ಎರಡನೇ ಫೆರಿ ಹತ್ತೇ ನಿಮಿಷದ್ದು, ಎಲೆ ಅಡಿಕೆ ಜಗಿದು ಮುಗಿಯುವಷ್ಟರಲ್ಲಿ ಕ್ವಾಡ್ರಾ ದ್ವೀಪ ಬಂತು. ಅದರ ಇನ್ನೊಂದು ಮಗ್ಗುಲಿನ ಹೆರಿಯಟ್ ಬೇಯಿಂದ ಮುಕ್ಕಾಲು ಗಂಟೆಯ ಮೂರನೇ ಫೆರಿ. ಕೊನೆಗೆ ಇಳಿಯುವ ಊರು ವೇಲ್‌ಟೌನ್, ತಿಮಿಂಗಿಲದ ಊರು. 1869ರ ಸುಮಾರಿಗೆ ಇಲ್ಲಿ ತಿಮಿಂಗಿಲ ಬೇಟೆಯವರ ನೆಲೆ ಇತ್ತಂತೆ. ಈಗ ಇರುವುದು ಒಂದು ಸಣ್ಣ ದಕ್ಕೆ, ಮತ್ತು ಬೆಳಿಗ್ಗೆಯಿಂದ ನಮ್ಮ ಜೊತೆಗೇ ಬಂದ ಮೌನ.

ಕುಂದಾಪುರದ ದಡದಲ್ಲಿ ನಿಂತರೆ ಗಂಗೊಳ್ಳಿ ಕೈಗೆ ಸಿಗುವಂತೆ ಕಾಣುತ್ತದೆ. ರಸ್ತೆಯಲ್ಲಿ ಹೋಗುವವರು ತ್ರಾಸಿ ಸುತ್ತಿ ಬರಬೇಕು. ಅಂಥ ಊರಿನವನಾದ ನನಗೆ ನೀರು ಸುತ್ತಿಸುವುದು ಹೊಸದಲ್ಲ. ಆದರೂ ಮೂರನೇ ಫೆರಿಯ ಹೊತ್ತಿಗೆ ಅಳಿಯನನ್ನು ಕೇಳಿಯೇ ಬಿಟ್ಟೆ, "ಇಷ್ಟು ದೂರ ಬಂದು ನೋಡುವುದಾದರೂ ಏನು?"

"ನೀವೇ ಹಟ ಹಿಡಿದದ್ದಲ್ವಾ ಮಾವ" ಎಂದ.

ಹಟ ಹುಟ್ಟಿದ್ದು ಬರ್ನಬಿಯಲ್ಲಿ, ಮಗಳ ಮನೆಯ ಹಿತ್ತಿಲಿನಲ್ಲಿ. ಪಕ್ಕದ ಮನೆಯ ಹುಡುಗಿ ನರ್ಸಿಂಗ್ ಓದುತ್ತಾಳೆ. ಅಲ್ಲಿಯ ಕಾಲೇಜು ಮಕ್ಕಳೆಲ್ಲ ಬೇಸಿಗೆಯಲ್ಲಿ ಏನಾದರೊಂದು ಕೆಲಸ ಹಿಡಿದು ಫೀಸಿನ ದುಡ್ಡು ಹೊಂದಿಸಿಕೊಳ್ಳುವುದು ರೂಢಿ. ಕಾಫಿ ಅಂಗಡಿ, ಈಜುಕೊಳ, ಇಲ್ಲವೇ ಕಾಡು ಕಡಿದ ಗುಡ್ಡಗಳಲ್ಲಿ ಸಸಿ ನೆಡುವುದು. "ಇವಳು ಎಲ್ಲಿ?" ಎಂದು ಕೇಳಿದರೆ ಮಗಳು ಹೇಳಿದಳು, ಕೋಸ್ಟ್ ಗಾರ್ಡಿನ ರಕ್ಷಣಾ ಬೋಟಿನಲ್ಲಿ. ನನಗೆ ನಂಬಿಕೆ ಬರಲಿಲ್ಲ. ಕಚೇರಿಯಲ್ಲಿ ಕಾಗದ ಜೋಡಿಸುವ ಕೆಲಸವಿರಬೇಕು, ಮನೆಯವರು ಸ್ವಲ್ಪ ಉಪ್ಪು ಖಾರ ಹಚ್ಚಿ ಹೇಳುತ್ತಿದ್ದಾರೆ ಅಂದುಕೊಂಡೆ.

ವೇಲ್‌ಟೌನಿನಿಂದ ದ್ವೀಪದ ಇನ್ನೊಂದು ತುದಿಗೆ, ಕೊರ್ಟೆಸ್ ಬೇಗೆ, ಡಗ್ಲಸ್ ಫರ್ ಮರಗಳ ನಡುವೆ ಅಂಕುಡೊಂಕು ದಾರಿ. ವರ್ಷವಿಡೀ ಇಡೀ ದ್ವೀಪದಲ್ಲಿ ಇರುವವರು ಸಾವಿರದ ಆಸುಪಾಸು. ಕೊಲ್ಲಿ ಮಾತ್ರ ತುಂಬಿ ತುಳುಕುತ್ತಿತ್ತು. ಸಿಯಾಟಲ್‌ನವರದೊಂದು, ವ್ಯಾಂಕೂವರ್‌ನವರದೊಂದು ಎಂದು ಎರಡು ವಿಹಾರನೌಕಾ ಕ್ಲಬ್ಬುಗಳ ಹೊರಠಾಣೆ ಇಲ್ಲಿವೆ. ಹಾಯಿಯ ಕಂಬಗಳು ಅಡಿಕೆ ತೋಟದ ಹಾಗೆ ಎದ್ದು ನಿಂತಿದ್ದವು. ಕೊಲ್ಲಿಯ ಬಾಯಿಗೇ ಒಂದು ಬಂಡೆ, ಅದರ ಮೇಲೊಂದು ದೀಪ. ಒಳಗೆ ತಳವೆಲ್ಲ ಮೆತ್ತನೆ ಕೆಸರು, ಲಂಗರು ಸರಿಯಾಗಿ ಹಿಡಿಯುವುದಿಲ್ಲ. ಬಂದರೆಂದರೆ ಸುಖದ ಜಾಗ ಎಂದುಕೊಂಡು ಒಳಗೆ ಬರುವವರಿಗೆ ಬಾಗಿಲಲ್ಲೂ ನಡುಮನೆಯಲ್ಲೂ ಒಂದೊಂದು ಪರೀಕ್ಷೆ.

ಸರ್ಕಾರಿ ದಕ್ಕೆ ತೇಲುವಂಥದ್ದು. ಇಳಿತದ ಹೊತ್ತಾದ್ದರಿಂದ ಅದಕ್ಕೆ ಇಳಿಯುವ ಹಲಗೆ ಏಣಿಯಂತೆ ಕಡಿದಾಗಿತ್ತು. ಇಲ್ಲಿ ಉಬ್ಬರ ಇಳಿತದ ವ್ಯತ್ಯಾಸ ದೊಡ್ಡ ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಐದು ಮೀಟರ್ ಮುಟ್ಟುತ್ತದೆ. ನಮ್ಮ ಕರಾವಳಿಯಲ್ಲಿ ಎರಡು ಮೀಟರ್ ಆದರೆ ಹೆಚ್ಚು. ಕೈಕಂಬಿ ಹಿಡಿದು ಅಡ್ಡಡ್ಡ ಹೆಜ್ಜೆ ಇಡುತ್ತಾ ಇಳಿದೆ. ಕೆಳಗೆ ಕೆಂಪು ಬಣ್ಣದ ಬೋಟು. ಪಕ್ಕದಲ್ಲಿ ಆ ನರ್ಸಿಂಗ್ ಹುಡುಗಿ ಮೊಣಕಾಲೂರಿ ಹಗ್ಗ ಸುತ್ತುತ್ತಿದ್ದಳು. ಕಾಗದ ಜೋಡಿಸುವ ಕೈಯಲ್ಲ ಎಂಬುದು ಸುತ್ತು ನೋಡಿದರೇ ತಿಳಿಯುತ್ತಿತ್ತು. ಎಳೆದರೆ ಸಿಕ್ಕಾಗದಂತೆ, ಒಂದರ ಮೇಲೊಂದು ಅಚ್ಚುಕಟ್ಟು. ದಕ್ಕೆಯಲ್ಲಿ ಬೆಳೆದವರು ಮನುಷ್ಯನನ್ನು ಅಳೆಯುವುದು ಅವನು ಹಗ್ಗ ಹೇಗೆ ಬಿಟ್ಟು ಹೋಗುತ್ತಾನೆ ಎಂಬುದರಿಂದ.

ಬೋಟು ಏಳು ಮೀಟರಿಗಿಂತ ಸ್ವಲ್ಪ ಉದ್ದ. ತಳ ಗಟ್ಟಿ, ಅಂಚಿನ ಸುತ್ತ ಗಾಳಿ ತುಂಬಿದ ದಪ್ಪ ಕೊಳವೆ, ಹಿಂದೆ ಎರಡು ಔಟ್‌ಬೋರ್ಡ್ ಎಂಜಿನ್. ಸೀಟು ಕುಳಿತುಕೊಳ್ಳಲು ಅಲ್ಲ, ಕುದುರೆ ಏರಿದಂತೆ ಎರಡೂ ಬದಿಗೆ ಕಾಲು ಹಾಕಿ ನಿಲ್ಲಲು. ಅಲೆಯ ಪೆಟ್ಟು ಬೆನ್ನುಹುರಿಗೆ ಹೋಗುವ ಬದಲು ಮೊಣಕಾಲು ತಿನ್ನಬೇಕು, ಅದಕ್ಕೆ. ರೇಡಾರ್, ನಕ್ಷೆ, ವಿ.ಎಚ್.ಎಫ್. ರೇಡಿಯೋ, ನೀರೆತ್ತುವ ಪಂಪು, ಎಳೆಯುವ ಹಗ್ಗ, ಆಮ್ಲಜನಕ, ಹೃದಯಕ್ಕೆ ಷಾಕ್ ಕೊಡುವ ಪೆಟ್ಟಿಗೆ. ಹಿಂಭಾಗದ ಕಮಾನಿನ ಮೇಲೆ ಮಡಿಚಿಟ್ಟ ಒಂದು ಚೀಲ.

"ಅದು ಎಂಥದು?"

"ಬೋಟು ಮಗುಚಿದರೆ" ಎಂದಳು, ಮಳೆ ಬಂದರೆ ಕೊಡೆ ಅಂದ ಹಾಗೆ. ಮಗುಚಿದಾಗ ಎಲ್ಲರೂ ಹಿಂಬದಿಗೆ ಈಜಿ ಬಂದು, ತಲೆ ಎಣಿಸಿ, ಒಂದು ಹಿಡಿಕೆ ಎಳೆಯುತ್ತಾರೆ. ಚೀಲ ಅನಿಲ ತುಂಬಿ ಉಬ್ಬುತ್ತದೆ, ಬೋಟು ಮಗ್ಗುಲು ಹೊರಳಿ ಎದ್ದು ಕೂರುತ್ತದೆ. ನೀರು ಕುಡಿದ ಎಂಜಿನ್ ಮತ್ತೆ ಹೊತ್ತಿಕೊಳ್ಳುವಂತೆ ವ್ಯವಸ್ಥೆ ಇದೆ. ವ್ಯಾಂಕೂವರ್ ದ್ವೀಪದ ಹೊರಬದಿಯಲ್ಲಿ, ಶಾಂತಸಾಗರಕ್ಕೆ ಎದೆ ಕೊಟ್ಟು ನಿಂತ ಬಾಮ್‌ಫೀಲ್ಡ್ ಎಂಬ ಹಳ್ಳಿಯಲ್ಲಿ ಇಂಥ ಬೋಟು ಓಡಿಸುವ ಕೋಸ್ಟ್ ಗಾರ್ಡ್ ಶಾಲೆಯಿದೆ. ಅಲ್ಲಿ ಬೇಕೆಂದೇ ಬೋಟು ಮಗುಚಿ ಅಭ್ಯಾಸ ಮಾಡಿಸುತ್ತಾರೆ. ಗಂಗೊಳ್ಳಿ ಅಳಿವೆಯಲ್ಲಿ ಐದು ಹೊಳೆಗಳ ನೀರು ಕಡಲಿಗೆ ಮುಗ್ಗರಿಸುವ ಜಾಗದಲ್ಲಿ ಮಗುಚಿದ ದೋಣಿಗಳನ್ನು ನಾನು ಕಂಡಿದ್ದೇನೆ. ಬೇಕೆಂದೇ ಮಗುಚುವ ಶಾಲೆ ಇರುತ್ತದೆ ಎಂಬುದು ನನ್ನ ಎಣಿಕೆಯಲ್ಲೇ ಇರಲಿಲ್ಲ.

ಬೋಟಿನಲ್ಲಿ ಮೂವರು. ತಾಂಡೇಲ ಕೋಸ್ಟ್ ಗಾರ್ಡಿನ ಕಾಯಂ ನೌಕರ, ನಲವತ್ತರ ಆಚೆಯ ಮಿತಭಾಷಿ. ಉಳಿದಿಬ್ಬರು ಕಲಾಸಿಗಳು ವಿದ್ಯಾರ್ಥಿಗಳು: ಈಕೆ, ಮತ್ತು ಅರಣ್ಯಶಾಸ್ತ್ರ ಓದುವ ಒಬ್ಬ ಹುಡುಗ. ಅವನು ಹಿಂದಿನ ವರ್ಷವೂ ಬಂದಿದ್ದ. ಮರಳಿ ಬಂದವರಿಗೆ ಹೊಣೆ ಹೆಚ್ಚು, ಸಂಬಳವೂ ಹೆಚ್ಚು. ಕಡಲಶಾಸ್ತ್ರವನ್ನೇ ಓದಿರಬೇಕೆಂದೇನಿಲ್ಲ. ಕಾಲೇಜಿನ ವಿದ್ಯಾರ್ಥಿಯಾಗಿರಬೇಕು, ಬೇಸಿಗೆ ಮುಗಿದ ಮೇಲೆ ಮತ್ತೆ ಓದಿಗೆ ಮರಳುವವರಾಗಿರಬೇಕು, ವೈದ್ಯಕೀಯ ಪರೀಕ್ಷೆ ದಾಟಬೇಕು. ಕೇಂದ್ರ ಸರ್ಕಾರದ ವಿದ್ಯಾರ್ಥಿ ಉದ್ಯೋಗ ಯೋಜನೆಯ ಮೂಲಕ ಅರ್ಜಿ. ಕೆನಡಾದ ಕೋಸ್ಟ್ ಗಾರ್ಡ್ ಹುಟ್ಟಿದ್ದು 1962ರಲ್ಲಿ. ದಡದ ಹತ್ತಿರದ ರಕ್ಷಣಾ ಬೋಟುಗಳಿಗೆ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಈ ಪದ್ಧತಿ 1970ರ ದಶಕದ್ದು. ಅಟ್ಲಾಂಟಿಕ್ ದಡದಲ್ಲಿ, ಮಹಾಸರೋವರಗಳಲ್ಲಿ, ಇಲ್ಲಿ ಪಶ್ಚಿಮದಲ್ಲಿ, ಬೇಸಿಗೆ ಬಂತೆಂದರೆ ಠಾಣೆಗಳು ಬಾಗಿಲು ತೆರೆಯುತ್ತವೆ.

ಇದರ ಜಾಣತನ ಇರುವುದು ಪಂಚಾಂಗದಲ್ಲಿ. ಮೇ ತಿಂಗಳ ಕೊನೆಯ ಹೊತ್ತಿಗೆ ವಿಕ್ಟೋರಿಯಾ ದಿನದ ರಜೆ ಬರುತ್ತದೆ. ಬೋಟಿರುವವರೆಲ್ಲ ಬೋಟು ನೀರಿಗಿಳಿಸುತ್ತಾರೆ. ಸೆಪ್ಟೆಂಬರ್ ಮೊದಲ ಸೋಮವಾರ ಕಾರ್ಮಿಕ ದಿನ. ಬೋಟುಗಳೆಲ್ಲ ಮನೆಗೆ ಮರಳುತ್ತವೆ. ಈ ಎರಡು ರಜೆಗಳ ನಡುವೆಯೇ ಕಡಲಿನಲ್ಲಿ ಕರೆಗಳು ಹೆಚ್ಚುವುದು. ಅದೇ ಎರಡು ರಜೆಗಳ ನಡುವೆಯೇ ಕಾಲೇಜಿಗೆ ಬೀಗ. ಜನ ಬೇಕಾದಾಗ ಜನ ಬಿಡುವಾಗಿರುತ್ತಾರೆ. ಇಷ್ಟು ಸರಳವಾದದ್ದನ್ನು ಯಾರೋ ಒಬ್ಬ ಗುಮಾಸ್ತ ಎರಡು ಕ್ಯಾಲೆಂಡರನ್ನು ಪಕ್ಕಪಕ್ಕ ಇಟ್ಟು ಕಂಡುಕೊಂಡಿರಬೇಕು. ಅವನಿಗೊಂದು ನಮಸ್ಕಾರ.

ಇಲ್ಲಿಂದ ಪೂರ್ವಕ್ಕೆ, ನೀರಿನ ಆಚೆ, ಡೆಸೊಲೇಷನ್ ಸೌಂಡ್. 1792ರ ಬೇಸಿಗೆಯಲ್ಲಿ ಬಂದ ಜಾರ್ಜ್ ವ್ಯಾಂಕೂವರ್‌ಗೆ ಈ ಬೆಟ್ಟ, ಈ ಕಡು ನೀರು, ಯಾವುದೂ ಹಿಡಿಸಲಿಲ್ಲ. ಬಿಕೋ ಎನ್ನುವ ಜಾಗ ಎಂಬರ್ಥದ ಹೆಸರಿಟ್ಟು ಮುಂದೆ ಹೋದ. ಇವತ್ತು ಅದೇ ಬಿಕೋ ಜಾಗಕ್ಕೆ ಬರಲು ಜನ ಸಾಲುಗಟ್ಟುತ್ತಾರೆ. ವ್ಯಾಂಕೂವರ್ ದ್ವೀಪದ ಉತ್ತರದಿಂದ ಬರುವ ಉಬ್ಬರವೂ ದಕ್ಷಿಣದಿಂದ ಬರುವ ಉಬ್ಬರವೂ ಈ ಸುತ್ತಿನಲ್ಲೇ ಸಂಧಿಸುವುದರಿಂದ ನೀರು ಹೆಚ್ಚು ಅಲುಗಾಡುವುದಿಲ್ಲ, ಬಿಸಿಲಿಗೆ ಮೇಲ್ಪದರ 20 ಡಿಗ್ರಿ ದಾಟುತ್ತದೆ. ಈಜುವವರಿಗೆ ಹಬ್ಬ. ಆದರೆ ಹೊರಗಿನ ಜಲಸಂಧಿಗೆ ಹೋದರೆ ತಣ್ಣನೆ ನೀರು ಕಾದಿರುತ್ತದೆ. ಬೆಳಿಗ್ಗೆ ಕೊಲ್ಲಿಯಲ್ಲಿ ಈಜಿದವನು ಮಧ್ಯಾಹ್ನ ಅದೇ ಧೈರ್ಯದಲ್ಲಿ ಹೊರಗೆ ಹೋಗುತ್ತಾನೆ, ತೊಂದರೆ ಅಲ್ಲಿಂದ ಶುರು.

ತಣ್ಣೀರಿನ ಲೆಕ್ಕವನ್ನು ಅರಣ್ಯಶಾಸ್ತ್ರದ ಹುಡುಗ ಮೂರು ಅಂಕಿಗಳಲ್ಲಿ ಹೇಳಿದ: ಒಂದು, ಹತ್ತು, ಒಂದು. ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ವಿಜ್ಞಾನಿ ತಾನೇ ಹಲವು ಸಲ ಹಿಮನೀರಿಗೆ ಇಳಿದು ನೋಡಿ ಜನಪ್ರಿಯಗೊಳಿಸಿದ ಸೂತ್ರ. ಬಿದ್ದ ಮೊದಲ 1 ನಿಮಿಷ ಉಸಿರು ಹದಕ್ಕೆ ತಂದುಕೊಳ್ಳಲು. ಆಮೇಲೆ 10 ನಿಮಿಷ ಕೈಕಾಲು ಹೇಳಿದ ಮಾತು ಕೇಳುತ್ತವೆ. ಪ್ರಜ್ಞೆ ತಪ್ಪಲು ಇನ್ನೂ 1 ಗಂಟೆ ಇರುತ್ತದೆ, ಆದರೆ ಮೈಮೇಲೆ ಲೈಫ್ ಜಾಕೆಟ್ ಇದ್ದವನಿಗೆ ಮಾತ್ರ ಆ ಗಂಟೆ. ಇಲ್ಲದವನು ಚಳಿಗೆ ಸಾಯುವ ಮೊದಲೇ ಕೈಸೋತು ಮುಳುಗುತ್ತಾನೆ.

"ಹಾಗಾದರೆ ನಿಮಗಿರುವುದು ಒಂದು ಗಂಟೆ."

"ಒಂದು ಗಂಟೆ ಅಲ್ಲ. ಯಾರಾದರೂ ನಮಗೆ ಹೇಳಿದ ಮೇಲೆ ಉಳಿದದ್ದು."

ಕರೆ ಬಂದ ಅರ್ಧ ಗಂಟೆಯೊಳಗೆ ಬೋಟು ಹೊರಡಬೇಕೆಂಬುದು ಕೋಸ್ಟ್ ಗಾರ್ಡಿನ ನಿಯಮ. ಇವರಿಗೆ ಅಷ್ಟು ಬೇಡವಂತೆ, ಹಗಲಾದರೆ ಕೆಲವೇ ನಿಮಿಷ ಸಾಕು. ಅದಕ್ಕಾಗಿ ಸರದಿ ಇರುವಷ್ಟು ದಿನ ಠಾಣೆಯಲ್ಲೇ ವಾಸ, ಹಗಲೂ ರಾತ್ರಿಯೂ. ಅಡುಗೆ ತಾವೇ. ಬಿಯರ್ ಇಲ್ಲ. ಸ್ನೇಹಿತರು ಎದುರಿನ ಕೊಲ್ಲಿಯಲ್ಲಿ ಈಜುತ್ತಿದ್ದರೂ ಹೇಳದೆ ಕೇಳದೆ ಹೋಗುವಂತಿಲ್ಲ. ಇಪ್ಪತ್ತು ವರ್ಷದವರಿಗೆ ಕಡಲು ಕಷ್ಟವಲ್ಲ, ಇದು ಕಷ್ಟ. ದಿನವೆಲ್ಲ ಬೋಟು ತೊಳೆ, ಎಣ್ಣೆ ನೋಡು, ಗಂಟು ಹಾಕು, ಬಿಚ್ಚು, ಪ್ರಥಮ ಚಿಕಿತ್ಸೆಯ ಚೀಲ ಎಣಿಸು, ಗೊಂಬೆಯೊಂದನ್ನು ನೀರಿಗೆಸೆದು ಎತ್ತಿಕೋ. ರೇಡಿಯೋ ಗೊಣಗುತ್ತಿರುತ್ತದೆ. ಏನೂ ಆಗುವುದಿಲ್ಲ. ಏನೂ ಆಗದ ದಿನಕ್ಕೂ ಸಂಬಳ ಉಂಟು.

ಆಗ ಹೊಳೆದದ್ದು, ನಮ್ಮ ಭಾಷೆಯಲ್ಲಿ ಈ ಕೆಲಸಕ್ಕೆ ಬೇರೆ ಹೆಸರೇ ಬೇಡ. ಬಸ್ಸಿಗೆ ಕಾಯುತ್ತೇವೆ, ಹೊಲವನ್ನೂ ಕಾಯುತ್ತೇವೆ. ಸುಮ್ಮನೆ ಕೂತು ನಿರೀಕ್ಷಿಸುವುದಕ್ಕೂ ಕಾಪಾಡುವುದಕ್ಕೂ ಕನ್ನಡ ಇಟ್ಟದ್ದು ಒಂದೇ ಮಾತು. ಆ ಹುಡುಗಿಗೆ ಹೇಳಿದೆ. ಎರಡು ಸಲ ಹೇಳಿಸಿ, "ಕಾಯು, ಕಾಯು" ಎಂದು ನಾಲಗೆ ಹೊರಳಿಸಿಕೊಂಡಳು.

ಹುಡುಕುವ ವಿಧಾನವನ್ನು ಅವಳು ದಕ್ಕೆಯ ಹಲಗೆಯ ಮೇಲೆ ಒದ್ದೆ ಬೆರಳಲ್ಲಿ ಬರೆದು ತೋರಿಸುತ್ತಿದ್ದಳು. ಮನುಷ್ಯ ಕೊನೆಯದಾಗಿ ಕಂಡ ಜಾಗದಿಂದ ಒಂದಳತೆ ಮುಂದೆ, ತಿರುಗಿ ಒಂದಳತೆ, ಮತ್ತೆ ತಿರುಗಿ ಎರಡಳತೆ, ತಿರುಗಿ ಎರಡಳತೆ, ಆಮೇಲೆ ಮೂರು ಮೂರು. ಬೆಳೆಯುವ ಚೌಕ. ನಮ್ಮಜ್ಜಿಯ ಮೂಗುಬೊಟ್ಟು ಅಂಗಳದಲ್ಲಿ ಬಿದ್ದಾಗ ಅವಳು ಹುಡುಕುತ್ತಿದ್ದದ್ದೂ ಹೀಗೇ, ಬಿದ್ದಲ್ಲಿಂದ ಸುತ್ತು ಹೆಚ್ಚಿಸುತ್ತಾ. ಆದರೆ ಅಂಗಳ ಹರಿಯುವುದಿಲ್ಲ. ಕಡಲಿನಲ್ಲಿ ಹುಡುಕುವ ವಸ್ತುವೂ ಸರಿಯುತ್ತದೆ, ಹುಡುಕುವ ಬೋಟೂ ಸರಿಯುತ್ತದೆ. ಗಾಳಿ, ಸೆಳೆತ ಎರಡನ್ನೂ ಲೆಕ್ಕಕ್ಕೆ ಹಿಡಿದು ಚೌಕವನ್ನೇ ಸರಿಸಬೇಕು. ನಾಲ್ಕನೇ ಗೆರೆ ಎಳೆಯುತ್ತಿದ್ದಾಗ ರೇಡಿಯೋದ ದನಿ ಬದಲಾಯಿತು. ನನಗೆ ಅರ್ಥವಾಗಲಿಲ್ಲ. ಅವಳು ಗೆರೆಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಮುಂದಿನದನ್ನು ನಿಧಾನವಾಗಿ ಹೇಳಲು ಬರುವುದಿಲ್ಲ, ಅಷ್ಟು ಬೇಗ ಆಯಿತು. ನೀರು ಹೊಗದ ಉಡುಪಿನೊಳಗೆ ಕಾಲು, ಕೈ, ಕೊನೆಗೆ ಕತ್ತಿನ ಬಿಗಿ ರಬ್ಬರಿನೊಳಗಿಂದ ತಲೆ. ಶಿರಸ್ತ್ರಾಣ. ತಾಂಡೇಲ ಹೇಳಿದ ಅಕ್ಷಾಂಶವನ್ನು ಹುಡುಗ ತಿರುಗಿ ಹೇಳಿದ, ಹುಡುಗಿ ಮತ್ತೊಮ್ಮೆ ಹೇಳಿದಳು. ಹಗ್ಗ ಬಿಚ್ಚಿತು. ಲಂಗರು ಹಾಕಿದ ದೋಣಿಗಳ ನಡುವೆ ಅಲೆ ಏಳದಂತೆ ಮೆಲ್ಲಗೆ ಹೋದರು. ಬಾಯಿಯ ಬಂಡೆ ದಾಟಿದ ಮೇಲೆ ಎಂಜಿನ್ ಕೂಗಿದ್ದು ಕೇಳಿತು. ಒದ್ದೆ ಬೆರಳಿನ ಚೌಕ ಬಿಸಿಲಿಗೆ ಆರುತ್ತಾ ಹಲಗೆಯ ಮೇಲಿತ್ತು.

ಆಮೇಲೆ ನಮ್ಮ ಸರದಿ, ಕಾಯುವುದು. ಯಾರೂ ಇಲ್ಲದ ಕಯಾಕ್ ಒಂದು ತೇಲುತ್ತಿರುವುದನ್ನು ಹಾಯಿದೋಣಿಯವರೊಬ್ಬರು ಕಂಡು 16ನೇ ಚಾನೆಲ್‌ನಲ್ಲಿ ತಿಳಿಸಿದ್ದರಂತೆ. ಪಕ್ಕದ ದೋಣಿಯವನು ತನ್ನ ರೇಡಿಯೋದಲ್ಲಿ ಕೇಳಿ ಹೇಳಿದ. ಇಂಥದ್ದು ಬಂದಾಗ ವಿಕ್ಟೋರಿಯಾದ ಜಂಟಿ ರಕ್ಷಣಾ ಕೇಂದ್ರ ಎಲ್ಲರನ್ನೂ ಜೋಡಿಸುತ್ತದೆ. ದೇಶದಲ್ಲಿ ಅಂಥ ಕೇಂದ್ರ ಮೂರು, ಉಳಿದೆರಡು ಟ್ರೆಂಟನ್ ಮತ್ತು ಹ್ಯಾಲಿಫ್ಯಾಕ್ಸ್‌ನಲ್ಲಿ. ಹತ್ತಿರದ ಕೊಮಾಕ್ಸ್‌ನಲ್ಲಿ ವಾಯುಪಡೆಯ ಹಳದಿ ಹೆಲಿಕಾಪ್ಟರುಗಳಿವೆ. ಬೇರೆ ಕೊಲ್ಲಿಗಳಲ್ಲಿ ಸಂಬಳವಿಲ್ಲದ ಸ್ವಯಂಸೇವಕ ತಂಡಗಳಿವೆ. ಹತ್ತಿರದಲ್ಲಿ ಹೋಗುತ್ತಿರುವ ಯಾವ ದೋಣಿಯಾದರೂ ಸರಿ, ನೆರವಿಗೆ ತಿರುಗಬೇಕು. ವಿದ್ಯಾರ್ಥಿಗಳ ಬೋಟು ಈ ದೊಡ್ಡ ಬಲೆಯ ಒಂದು ಕಣ್ಣು.

ಹೊತ್ತು ಕಳೆಯಲೆಂದು ಗಂಗೊಳ್ಳಿಯ ದಾಯಾದಿಗೆ ಫೋನು ಹಚ್ಚಿದೆ. ಮೂವತ್ತು ವರ್ಷ ತಾಂಡೇಲನಾಗಿದ್ದವನು. ಅಲ್ಲಿ ನಡುರಾತ್ರಿ ಕಳೆದಿತ್ತು, ಅವನು ಎದ್ದೇ ಇದ್ದ. ವಿಷಯ ಕೇಳಿ, "ಎಂತ ಮಾರಾಯ, ಕಾಲೇಜ್ ಮಕ್ಕಳನ್ನ ಕಡಲಿಗೆ ಕಳ್ಸ್ತ್ರಾ?" ಎಂದ. ಒಂದು ಕ್ಷಣ ಬಿಟ್ಟು, "ಸಂಬ್ಳ ಕೊಡ್ತ್ರಾ?"

ಅವನ ಎರಡನೇ ಪ್ರಶ್ನೆಯೇ ದೊಡ್ಡದು. ನಮ್ಮಲ್ಲಿ ದೋಣಿ ಮಗುಚಿದರೆ ಮೊದಲು ಓಡುವುದು ಪಕ್ಕದ ದೋಣಿ. ಖಾರ್ವಿ, ಮೊಗವೀರ ಹುಡುಗರು ಎಷ್ಟು ಜನರನ್ನು ಎಳೆದು ತಂದಿದ್ದಾರೆಂದು ಯಾರೂ ಪುಸ್ತಕದಲ್ಲಿ ಬರೆದಿಟ್ಟಿಲ್ಲ. ಆ ಹೊತ್ತಿನ ಡೀಸೆಲ್ಲೂ ಅವರದೇ. ಅದೇ ಹುಡುಗರು ಕಾಲೇಜು ಸೇರಿದ ಮೇಲೆ ಕಡಲು ಬಿಟ್ಟು ಬೆಂಗಳೂರಿನ ದಾರಿ ಹಿಡಿಯುತ್ತಾರೆ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಪ್ರವಾಸ ಬಂದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದದ್ದು ಓದುಗರಿಗೆ ನೆನಪಿರಬಹುದು. ಹಾಗೆಂದು ಕೊರ್ಟೆಸ್ ಬೇಯ ಪಂಚಾಂಗವನ್ನು ಹಾಗೇ ತಂದು ನಮ್ಮಲ್ಲಿ ತೂಗುಹಾಕಲು ಬರುವುದಿಲ್ಲ. ನಮ್ಮ ಕಡಲು ಕೆರಳುವುದು ಜೂನಿನಲ್ಲಿ, ಕಾಲೇಜು ಬಾಗಿಲು ತೆರೆಯುವ ಹೊತ್ತಿಗೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ. ಶಾಲಾ ಪ್ರವಾಸಗಳ ಸುಗ್ಗಿ ಡಿಸೆಂಬರ್. ಆಗ ಪರೀಕ್ಷೆ, ತರಗತಿ. ನಮಗೆ ನಮ್ಮದೇ ಗುಮಾಸ್ತ ಬೇಕು.

ಆದರೆ ಒಂದನ್ನು ಕೆನಡಾದವರಿಂದಲೇ ಕಲಿಯಬಹುದು. 2018ರಲ್ಲಿ ಅವರು ಉತ್ತರ ಧ್ರುವದ ಕಡೆಯ ನುನಾವುಟ್ ಪ್ರದೇಶದಲ್ಲಿ, ಹಡ್ಸನ್ ಕೊಲ್ಲಿಯ ರಾಂಕಿನ್ ಇನ್ಲೆಟ್ ಎಂಬ ಊರಿನಲ್ಲಿ, ಇಂಥದೇ ಬೇಸಿಗೆ ಠಾಣೆ ತೆರೆದರು. ಹೊರಗಿನಿಂದ ರಸ್ತೆಯೇ ಇಲ್ಲದ ಊರು. ಅಲ್ಲಿಗೆ ದಕ್ಷಿಣದ ನಗರಗಳ ಮಕ್ಕಳನ್ನು ಕಳಿಸದೆ, ಅನುಭವಿ ಕೋಸ್ಟ್ ಗಾರ್ಡಿನವರ ಕೈಕೆಳಗೆ ಮೂಲನಿವಾಸಿ ವಿದ್ಯಾರ್ಥಿಗಳನ್ನೇ ತೆಗೆದುಕೊಂಡರು. ಹಿಮ ಯಾವಾಗ ಬಿರಿಯುತ್ತದೆ, ಬೇಟೆಗೆ ಹೋದವರು ಯಾವ ದಾರಿಯಲ್ಲಿ ಮರಳುತ್ತಾರೆ ಎಂಬುದು ಅವರಿಗೆ ಮನೆಮಾತು. ಕಡಲು ಬಲ್ಲವರ ಮಕ್ಕಳಿಗೆ ಓದು ಬಿಡಿಸದೆ, ಕಡಲನ್ನೂ ಬಿಡಿಸದೆ, ನಡುವೆ ಸಂಬಳದ ಒಂದು ಸೇತುವೆ. ಮಲ್ಪೆ, ಗಂಗೊಳ್ಳಿ, ಭಟ್ಕಳ, ತದಡಿಗಳಲ್ಲಿ ಇದಕ್ಕೆ ಬೇಕಾದ ಮಕ್ಕಳು ಬೇಕಾದಷ್ಟಿದ್ದಾರೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎರಡೂವರೆ ಗಂಟೆಯ ಮೇಲೆ ಕೆಂಪು ಬೋಟು ಬಂಡೆ ಬಳಸಿ ಒಳಗೆ ಬಂತು. ಅಂಚಿಗೆ ಹಳದಿ ಕಯಾಕ್ ಕಟ್ಟಿತ್ತು, ಮನುಷ್ಯರಿರಲಿಲ್ಲ. ಅಳಿಯನ ಮುಖ ಬಿಳುಚಿತು. ಹುಡುಗಿ ದೂರದಿಂದಲೇ ಹೆಬ್ಬೆರಳು ಎತ್ತಿದಳು. ಕಯಾಕಿನ ಯಜಮಾನ ಅಲ್ಲೇ ಒಂದು ದ್ವೀಪದ ದಡದಲ್ಲಿ ಡೇರೆ ಹಾಕಿ ಮಲಗಿದ್ದ. ಇಳಿತದ ಹೊತ್ತಿನಲ್ಲಿ ದಡಕ್ಕೆಳೆದು ಕಟ್ಟದೆ ಬಿಟ್ಟಿದ್ದ. ಉಬ್ಬರ ಬಂದು ಎತ್ತಿಕೊಂಡು ಹೋಗಿತ್ತು. ಅವನು ಇನ್ನೊಂದು ದೋಣಿಯಲ್ಲಿ ಹಿಂದಿನಿಂದ ಬರುತ್ತಿದ್ದ. ಕಯಾಕಿನ ಮೇಲೆ ಒಂದು ಫೋನ್ ನಂಬರ್ ಬರೆದಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸ.

"ಸಿಟ್ಟು ಬರುವುದಿಲ್ಲವೇ?" ಎಂದೆ.

"ಹುಡುಕುವಾಗ ಅವನು ನೀರಿನಲ್ಲೇ ಇದ್ದ, ನಮ್ಮ ಲೆಕ್ಕದಲ್ಲಿ. ಡೇರೆಯಲ್ಲಿ ಸಿಕ್ಕಿದ. ಸಿಟ್ಟು ಯಾಕೆ?" ಎಂದ ಹುಡುಗ. ತಾಂಡೇಲ ಏನೋ ಗೊಣಗಿದ. ಅವನ ಸಿಟ್ಟು ಇಂಧನದ ಬಗ್ಗೆ ಇರಬೇಕು.

ಮಧ್ಯಾಹ್ನದ ಊಟ ಅವರಿಗೆ ಆಗಿರಲಿಲ್ಲ. ಆದರೂ ಮೊದಲು ಇಂಧನ ತುಂಬಿಸಿದರು. ಎಂಜಿನ್ನಿಗೆ ಸಿಹಿನೀರು ಹಾಯಿಸಿದರು. ಒದ್ದೆ ಹಗ್ಗ ತೆಗೆದು ಒಣ ಹಗ್ಗ ಇಟ್ಟರು, ಹೊತ್ತು ಬರೆದರು, ಉಡುಪು ತೊಳೆದು ತೂಗುಹಾಕಿದರು. ಮುಂದಿನ ಕರೆ ಇನ್ನೈದು ನಿಮಿಷದಲ್ಲಿ ಬಂದರೂ ಬೋಟು ಸಿದ್ಧ ಎಂದಾದ ಮೇಲೆಯೇ ಸ್ಯಾಂಡ್‌ವಿಚ್ ಕಾಗದ ಬಿಚ್ಚಿದ್ದು.

ಹೊರಡುವಾಗ ಆ ಹುಡುಗಿ ಸಹಜವಾಗಿ ಕೇಳಿದಳು, "ನಿಮ್ಮೂರಿನಲ್ಲಿ ಹೀಗಾದರೆ ಯಾವ ನಂಬರಿಗೆ ಕರೆಯುತ್ತೀರಿ?"

ಕಡಲ ದಡದಲ್ಲಿ ಹುಟ್ಟಿ ಅರವತ್ತು ದಾಟಿದವನು ನಾನು. ಬಾಯಿ ಕಟ್ಟಿತು. ಹಲಗೆ ಹತ್ತಿ ಕಾರಿಗೆ ಬಂದ ಮೇಲೆ ಮತ್ತೆ ದಾಯಾದಿಗೇ ಫೋನು ಮಾಡಿದೆ. ಅವನು ಆಕಳಿಸುತ್ತಲೇ ಬಾಯಿಪಾಠ ಒಪ್ಪಿಸಿದ: ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. "ನಿಂಗೆ ಗೊತ್ತಿಲ್ಯಾ?" ಎಂದು ನಕ್ಕ. ಈ ರಜೆಯಲ್ಲಿ ಮಲ್ಪೆಗೋ ಗೋಕರ್ಣಕ್ಕೋ ಹೊರಟವರು ಕಾರು ಹತ್ತುವ ಮೊದಲು ಎರಡನ್ನೂ ಫೋನಿಗೆ ಹಾಕಿಕೊಳ್ಳಿ.